ಚರ್ಚಿಗೊಂದು ಗರ್ಭಗುಡಿ

ಶಾಲೆಯ ಪ್ರಾಜೆಕ್ಟು ಮಾಡಿಕೊಡುವ ಅಪ್ಪಂದಿರಲ್ಲಿ ಮಕ್ಕಳು ಗೋಗರೆದ ಮೇಲೆ ಮಾಡುವವರುಂಟು, ಬೇಡವೆಂದರೂ ಬಿಡದೆ ಮಾಡುವವರುಂಟು. ನಾನು ಎರಡನೆಯವರ ಪೈಕಿ. ದುಬೈಗೆ ಬಂದಾಗಿನಿಂದ ಕಂಪ್ಯೂಟರಿನ ಮುಂದೆ ಬೆರಳು ಬಿಟ್ಟು ಬೇರೇನನ್ನೂ ಆಡಿಸದ ನನ್ನೊಳಗೆ ಒಬ್ಬ ಶಿಲ್ಪಿ ಅಡಗಿದ್ದಾನೆಂದು ನಾನು ಬಲವಾಗಿ ನಂಬಿದ್ದೆ.

ಅಲ್ ಬರ್ಷಾದ ಶಾಲೆಯಲ್ಲಿ ಏಳನೆಯ ತರಗತಿ ಓದುವ ಮಗಳು ಅದಿತಿಗೆ ಇಂಗ್ಲೆಂಡಿನ ಹಳ್ಳಿಯ ಆಂಗ್ಲಿಕನ್ ಚರ್ಚಿನ, ಅದೂ ಮಧ್ಯಯುಗದಲ್ಲಿ ಕಟ್ಟಿದ್ದರ, ಮಾದರಿ ಮಾಡಲು ಹೇಳಿದ್ದರು. ಅವಳು ರಟ್ಟಿನ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದು ಮುಗಿಸುವಷ್ಟರಲ್ಲಿ ನಾನು ಅದನ್ನು ಕಸಿದುಕೊಂಡೆ. "ರೀ, ಅವಳ ಪಾಡಿಗೆ ಅವಳನ್ನ ಬಿಡಿ. ಮಾರ್ಕ್ಸು ಕೊಡೋದು ಅವಳಿಗೆ, ನಿಮಗಲ್ಲ," ಎಂದಳು ಹೆಂಡತಿ. ಆ ಮಾತು ಕಿವಿಗೆ ಬೀಳುವ ಹೊತ್ತಿಗೆ ನಾನು ಕಿಟಕಿಗಳಿಗೆ ಬಣ್ಣದ ಜಿಲೇಟಿನ್ ಕಾಗದ ತರಲು ನೈಫ್ ಮಾರುಕಟ್ಟೆಗೆ ಹೊರಟಾಗಿತ್ತು.

ಎರಡು ವಾರಾಂತ್ಯ ಕತ್ತರಿಸಿದೆ, ಅಂಟಿಸಿದೆ. ಮಗಳಿಗೆ ಗೋಂದಿನ ಡಬ್ಬಿ ಹಿಡಿಯುವ ಕೆಲಸ ಕೊಟ್ಟೆ. ಚೂಪು ಕಮಾನಿನ ಕಿಟಕಿಗಳು, ಕಲ್ಲಿನ ಬಣ್ಣದ ಗೋಡೆ, ಚೌಕ ಗೋಪುರ. ಒಪ್ಪಿಸುವ ಹಿಂದಿನ ಸಂಜೆ ಅವಳು ಒಳಗೆ ಇಣುಕಿ ನೋಡಿದಳು.

"ಅಪ್ಪಾ, ಆಲ್ಟರ್ ಮೇಲೆ ಯಾಕೆ ಟವರ್ ಕಟ್ಟಿದೀಯ? ಟವರ್ ವೆಸ್ಟ್‌ನಲ್ಲಿ ಬರ್ಬೇಕು. ಆಲ್ಟರ್ ಹಿಂದೆ ದೊಡ್ಡ ವಿಂಡೋ ಇರ್ಬೇಕು, ಬೆಳಿಗ್ಗೆ ಸನ್‌ಲೈಟ್ ಬರೋಕೆ. ಇಲ್ಲಿ ಫುಲ್ ಡಾರ್ಕ್. ಸುತ್ತ ಈ ಗ್ಯಾಪ್ ಯಾಕೆ?"

ಗ್ಯಾಪ್ ಅಲ್ಲ, ಅದು ಪ್ರದಕ್ಷಿಣೆಯ ದಾರಿ. ಆಲ್ಟರ್ ಎಂದರೆ ಪೂಜಾಪೀಠ; ಪವಿತ್ರ ಸ್ಥಳವೆಂದ ಕೂಡಲೇ ನನ್ನ ಕೈ ತಾನಾಗಿ ಗರ್ಭಗುಡಿ ಕಟ್ಟಿ, ಮೇಲೆ ಗೋಪುರ ಏರಿಸಿ, ಕಿಟಕಿಯೊಂದನ್ನೂ ಇಡದೆ ಕತ್ತಲು ತುಂಬಿಸಿತ್ತು. ತೆಗೆಯೋಣವೆಂದರೆ ಗೋಂದು ಕಲ್ಲಾಗಿತ್ತು. ಗೋಡೆಯ ಬುಡದಲ್ಲಿ ಅವಳ ಪೆನ್ಸಿಲಿನ ಗೆರೆಗಳಿನ್ನೂ ಕಾಣುತ್ತಿದ್ದವು: ಪಶ್ಚಿಮಕ್ಕೆ ಗೋಪುರ, ಪೂರ್ವಕ್ಕೆ ಕಿಟಕಿ, ದಕ್ಷಿಣಕ್ಕೆ ಬಾಗಿಲು. ಎಲ್ಲ ಸರಿಯಾಗಿತ್ತು. ಅದಿತಿ ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಪೋಷಕರೆದುರಿಗೇ ಪ್ರದರ್ಶನ. ಟೀಚರ್ ಗೋಪುರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ನಾನು ಪಕ್ಕದ ಮೇಜಿನ ಮಾದರಿಯನ್ನು ಪರೀಕ್ಷಿಸತೊಡಗಿದೆ. ಅದಿತಿ ಮಾತ್ರ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದಳು: "ಇಂಥ ಚರ್ಚುಗಳನ್ನು ಒಂದೇ ಕಾಲದಲ್ಲಿ ಕಟ್ಟಿದ್ದಲ್ಲ ಮಿಸ್. ಒಬ್ಬರು ಗೋಡೆ ಎಬ್ಬಿಸಿದರು, ಅವರ ಮೊಮ್ಮಕ್ಕಳು ಅಗಲ ಮಾಡಿದರು. ಆಮೇಲೆ ಯಾರೋ ಹಳೆಯ ನಕ್ಷೆ ನೋಡದೆ ರಿಪೇರಿಗೆ ಇಳಿದು ಹಾಳು ಮಾಡಿದರು. ಪಾಪ, ತುಂಬ ಪ್ರೀತಿಯಿಂದಲೇ ಮಾಡಿದ್ದು."

ಟೀಚರ್ ನಗುತ್ತ ನನ್ನ ಕಡೆ ತಿರುಗಿದರು. ಆ ಯಾರೋ ಮೂರ್ಖನ ಬಗ್ಗೆ ನನಗೂ ಬಹಳ ಬೇಸರವಿದೆ ಎಂಬಂತೆ ನಾನು ಗಂಭೀರವಾಗಿ ತಲೆಯಾಡಿಸಿದೆ.