ಏಳು ಗಂಟೆಗೆ ಯಾರೂ ಬರುವುದಿಲ್ಲ

ಕಂಡದ್ದಕ್ಕೆಲ್ಲ ಬೆಲೆ ಕಟ್ಟುವುದು ನನ್ನ ಕಸುಬು. ನನ್ನ ಹೆಂಡತಿ ಹಿಸಾಯೊ: ಐದಡಿಗೆ ಎರಡಂಗುಲ ಕಡಿಮೆ, ನಲವತ್ತು ವರ್ಷ ಬಳಸಿದರೂ ಬಿರುಕಿಲ್ಲ, ಬಿಸಿಯಾಗುವುದು ಬೇಗ, ಆರುವುದು ನಿಧಾನ. ಜಪಾನಿನ ತಜಿಮಿ ಊರಿನ ನನ್ನ ಪಿಂಗಾಣಿ ಅಂಗಡಿಯಲ್ಲಿ ಇಂಥ ಮಾಲು ಒಂದೂ ಇಲ್ಲ!

ಅವಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ನಾಲ್ಕಕ್ಕೆ ಅಂಗಡಿ ಮುಚ್ಚಿದೆನೆಂದರೆ ನನ್ನ ಜೊತೆ ಮಾತಿಗೆ ಬಟ್ಟಲುಗಳೇ ಗತಿ. ಅವು ಒಳ್ಳೆಯ ಕೇಳುಗರು, ಆದರೆ ಜಗಳಕ್ಕೆ ಬರುವುದಿಲ್ಲ. ಅವಳೋ ಬಂದವಳೇ ಉಂಡು ಮಲಗುತ್ತಾಳೆ. ಆದ್ದರಿಂದ ಪ್ರತಿಜ್ಞೆ ಮಾಡಿದೆ: ಅವಳು ಬಾಗಿಲು ತೆಗೆಯುವ ಹೊತ್ತಿಗೆ ಸ್ನಾನದ ತೊಟ್ಟಿ ಹದವಾಗಿ ಬಿಸಿಯಾಗಿರಬೇಕು! ಒಂದೇ ತೊಟ್ಟಿ ನೀರಿಗೆ ಮನೆಯವರು ಒಬ್ಬೊಬ್ಬರಾಗಿ ಇಳಿಯುವಾಗ ಯಜಮಾನನಿಗೆ ಸಲ್ಲುವ ಮೊದಲ ಸರದಿಯೂ ಅವಳಿಗೇ! ಆಮೇಲಾದರೂ ಎರಡು ಮಾತಾಡಿಯಾಳು.

ಆರು ದಿನ ಅವಳು ಬಂದ ಹೊತ್ತು ಬರೆದೆ. ಐದು, ಒಂಬತ್ತು, ಐದೂಕಾಲು, ಎಂಟೂಮುಕ್ಕಾಲು, ನಾಲ್ಕೂಮುಕ್ಕಾಲು, ಒಂಬತ್ತೂಕಾಲು. ಕೂಡಿದರೆ ನಲವತ್ತೆರಡು, ಆರರಿಂದ ಭಾಗಿಸಿದರೆ ಏಳು! ಫ್ರಿಜ್ ಮೇಲಿದ್ದ ಹಾಳೆಯೊಂದರ ಖಾಲಿ ಬೆನ್ನಿಗೆ ದೊಡ್ಡದಾಗಿ 'ಏಳು' ಬರೆದು, ಸುತ್ತ ಕೆಂಪು ಗೆರೆ ಎಳೆದು, ಅದೇ ಮಗ್ಗುಲು ಕಾಣುವಂತೆ ಅಂಟಿಸಿದೆ.

ಮೊದಲ ದಿನ ಐದಕ್ಕೇ ಬಂದಳು. ತೊಟ್ಟಿ ಮಂಜುಗಡ್ಡೆ! ಮರುದಿನ ಒಂಬತ್ತಕ್ಕೆ. ಅಷ್ಟರಲ್ಲಿ ಏಳರ ಬಿಸಿ ಆರಿ ಉಗುರುಬೆಚ್ಚಗೂ ಉಳಿದಿರಲಿಲ್ಲ.

"ಆರು ದಿನ ಬರೆದಿಟ್ಟು ಲೆಕ್ಕ ಹಾಕಿದ್ದೀನಿ, ಏಳು! ನಿನಗೆ ಸರಾಸರಿ ಅಂದ್ರೆ ಮರ್ಯಾದೆನೇ ಇಲ್ಲ ಕಣೇ!"

"ಅಲ್ಲಾರೀ, ಆ ಆರು ದಿನದಲ್ಲಿ ನಾನು ಏಳಕ್ಕೆ ಬಂದಿದ್ದು ಯಾವತ್ತು?"

"ಒಂದು ದಿನಾನೂ ಇಲ್ಲ."

"ಮತ್ತೆ ನೀರು ಕಾಯಿಸಿದ್ದು ಯಾರಿಗೆ?"

ನಾನು ಪೆನ್ನು ಹಿಡಿದು ಮತ್ತೆ ಕೂಡಿ ಭಾಗಿಸುವಷ್ಟರಲ್ಲಿ ಅವಳ ಗೊರಕೆ ಕೇಳಿಸಿತು.

ಮೂರನೆಯ ದಿನ ವರ್ಷದ ಅತಿ ಚಿಕ್ಕ ಹಗಲು. ಅಂದು ತೊಟ್ಟಿಯಲ್ಲಿ ನಿಂಬೆಯಂಥ, ಘಮಘಮಿಸುವ ಯುಜು ಹಣ್ಣು ತೇಲಿಬಿಡದ ಮನೆ ನಮ್ಮೂರಲ್ಲಿಲ್ಲ. ಸರಾಸರಿ ಕೈಕೊಟ್ಟರೇನು, ಅತಿ ಬೇಗದಿಂದ ಅತಿ ತಡದವರೆಗಿನ ಹರವನ್ನೇ ಹಿಡಿಯುತ್ತೇನೆಂದು ಹೊರಟೆ! ನಾಲ್ಕೂಮುಕ್ಕಾಲರಿಂದ ಒಂಬತ್ತೂಕಾಲರವರೆಗೆ, ಪೂರ್ತಿ ನಾಲ್ಕೂವರೆ ಗಂಟೆ ಉರಿಸುವ ಲೆಕ್ಕ! ಐದು ಯುಜು ತೇಲಿಬಿಟ್ಟು, ಮುಚ್ಚಳ ಹಾಕಿ, ಹೊಸ್ತಿಲ ಬಳಿ ಕೂತೆ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಎದ್ದೆ. ಎಲ್ಲವೂ ಬೇರೆ ಮನೆಗಳಿಗೆ ಹೋಗುವ ಹೆಜ್ಜೆಗಳು. ನಮ್ಮ ಹಳೆಯ ಬಾಯ್ಲರಿಗೆ ತಾನಾಗಿ ನಿಲ್ಲುವ ಬುದ್ಧಿಯಿಲ್ಲ ಎಂಬುದು ಮರೆತೇ ಹೋಗಿತ್ತು.

ಬಾಗಿಲು ಸರಿಯಿತು. "ಬಂದೆ!"

ಗಡಿಯಾರ ನೋಡಿದೆ. ಸರಿಯಾಗಿ ಏಳು!

ಮುಚ್ಚಳ ತೆಗೆದರೆ ಹಬೆಯ ಮೋಡ. ಹಣ್ಣುಗಳು ಒಡೆದು ಸಾರಾಗಿದ್ದವು. ಆ ನೀರಿನಲ್ಲಿ ನೂಡಲ್ಸ್ ಬೇಯಿಸಬಹುದಿತ್ತು, ಹೆಂಡತಿಯನ್ನು ಕೂರಿಸುವಂತಿರಲಿಲ್ಲ.

"ಇದೇನ್ರೀ, ಸ್ನಾನಾನೋ ಊಟಾನೋ?"

"ನೀನು ಏಳಕ್ಕೆ ಯಾಕೆ ಬಂದೆ?" ನನ್ನ ಧ್ವನಿ ನನಗೇ ಅಳುವಂತೆ ಕೇಳಿಸಿತು.

ಅವಳು ಫ್ರಿಜ್‌ನ ಹಾಳೆ ಕಿತ್ತು ತಿರುಗಿಸಿದಳು. ಮುಂಬದಿಯಲ್ಲಿ ಇಡೀ ತಿಂಗಳ ಪಾಳಿ ಪಟ್ಟಿ! ಯಾವ ದಿನ ಐದು, ಯಾವ ದಿನ ಒಂಬತ್ತು, ಎಲ್ಲ ಅಚ್ಚಾಗಿತ್ತು.

"ನಿಮಗೋಸ್ಕರಾನೇ ಅಂಟಿಸಿದ್ದು. ಇವತ್ತು ಒಂಬತ್ತರ ಪಾಳಿ. ನೀವಂತೂ ಮುಂದೆ ಏನಿದೆ ಅಂತ ಓದಲಿಲ್ಲ, ನಾನಾದ್ರೂ ಹಿಂದೆ ಬರೆದಿದ್ದು ಓದಿದೆ. ಕೊನೇ ಎರಡು ಗಂಟೆ ಜೊತೆ ಕೆಲಸದ ಮುರೋಯಿ ಅವರಿಗೆ ಒಪ್ಪಿಸಿ ಬಂದೆ."

"ತಣ್ಣೀರು ಬೆರೆಸ್ಲಾ?"

"ಬೇಡ. ಅದರ ಪಾಡಿಗೆ ಆರಲಿ. ಕೂತ್ಕೊಳ್ಳಿ."

ನೀರು ಆರುವುದಕ್ಕೆ ಒಂಬತ್ತಾಯಿತು. ಅಲ್ಲಿಯವರೆಗೂ ಅವಳು ನನ್ನನ್ನು ಬೈಯುತ್ತಲೇ ಇದ್ದಳು. ಬಟ್ಟಲುಗಳಿಗೆ ಈ ಕಲೆ ಬರುವುದಿಲ್ಲ.

ಹಿಸಾಯೊಗೆ ನಾನು ಸಲ್ಲಿಸಬೇಕಾದ ಬಾಕಿ: ಐದು ಯುಜು ಹಣ್ಣು, ಹದವಾದ ಒಂದು ಸ್ನಾನ, ಕೇಳದೆ ಬಿಟ್ಟ ಒಂದು ಪ್ರಶ್ನೆ: "ನಾಳೆ ಎಷ್ಟೊತ್ತಿಗೆ ಬರ್ತೀಯೇ?"