ಹಡಗಿನ ಗಂಟಿಗೆ ಸಿಕ್ಕ ಟೋಪಾಲಜಿ

ಭೋಂ...! ವಿಶಾಖಪಟ್ಟಣದ ಬಂದರಿನಲ್ಲಿ ಹಡಗು ಕೂಗಿದಾಗಲೆಲ್ಲ ನಮ್ಮ ಕಾನ್ವೆಂಟ್ ಕಾಲೇಜಿನ ಗಣಿತದ ಕ್ಲಾಸು ಅರ್ಧಕ್ಕೇ ನಿಂತುಬಿಡುತ್ತಿತ್ತು. ಸಿಸ್ಟರ್ ಬೆನೆಡಿಕ್ಟಾ ಸೀಮೆಸುಣ್ಣ ಎತ್ತಿ ಹಿಡಿದು, ಹಡಗಿನ ಮಾತು ಮುಗಿಯುವವರೆಗೂ ಕಾದು, ತಮ್ಮ ವಾಕ್ಯವನ್ನು ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. "...ಆದ್ದರಿಂದ ಗರ್ಲ್ಸ್, ಟೋಪಾಲಜಿಯಲ್ಲಿ ಸೈಜ್ ಡಸಂಟ್ ಮ್ಯಾಟರ್!"

ಆ ಮಾತನ್ನು ನಾನು ಜೀವನಪೂರ್ತಿ ನಂಬಿದೆ. ಬ್ಲೌಸುಗಳ ವಿಷಯದಲ್ಲೂ ನಂಬಿದೆ!

ಮುಂದೆ ನಾನೂ ಗಣಿತದ ಟೀಚರಾದೆ. ನೇವಿಯಲ್ಲಿದ್ದ ಧಾರವಾಡದ ಒಬ್ಬರನ್ನು ಮದುವೆಯಾದೆ. ಇಬ್ಬರೂ ರಿಟೈರಾಗಿ ವಿಶಾಖಪಟ್ಟಣದಲ್ಲೇ ಉಳಿದಿದ್ದೆವು. ಹೀಗಿರಲು ವಿಜಯವಾಡದಿಂದ ನನ್ನ ಹಳೆಯ ಶಿಷ್ಯೆ ಪದ್ಮಜಳ ಫೋನು ಬಂತು. ಅವಳು ಗವರ್ನರ್‌ಪೇಟೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ.

"ಮೇಡಂ, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಸಿಲೆಬಸ್ ಬಿಟ್ಟು, ಮಜಾ ಇರೋ ಗಣಿತ ಹೇಳಿಕೊಡಬೇಕು ಅಂತ ಆಸೆ. ನಮ್ಮ ಶಾಲೆ ನಡೆಸೋ ಕರೆಸ್ಪಾಂಡೆಂಟ್ ಗಾರು ಆ ಪೀರಿಯಡ್ಡಿಗೂ ಕೋಚಿಂಗ್ ಟೆಸ್ಟ್ ಹಾಕೋಣ ಅಂತಿದಾರೆ. ನೀವು ಬಂದು ಒಂದು ಡೆಮೋ ಕೊಡಿ. ಅವರು ಒಪ್ಪಿದರೆ ಪೀರಿಯಡ್ ನಮ್ಮದು. ಮತ್ತೆ... ನಿಮ್ಮ ಸಿಸ್ಟರ್ ಬೆನೆಡಿಕ್ಟಾ ಈಗ ಇಲ್ಲೇ, ನನ್‌ಗಳ ವೃದ್ಧಾಶ್ರಮದಲ್ಲಿದ್ದಾರೆ. ಅವರನ್ನೂ ಕರೆತರುತ್ತೇನೆ."

"ಡೋಂಟ್ ವರಿ, ಪೀರಿಯಡ್ ನಿನ್ನದೇ!" ಎಂದು ಘೋಷಿಸಿದೆ.

ನಾನು ಆರಿಸಿಕೊಂಡದ್ದು ಹಗ್ಗದ ಪ್ರಯೋಗ. ಒಬ್ಬರ ಎರಡು ಮಣಿಕಟ್ಟಿಗೂ ಒಂದು ಹಗ್ಗದ ಎರಡು ತುದಿ ಕಟ್ಟುವುದು. ಇನ್ನೊಬ್ಬರಿಗೂ ಹಾಗೆಯೇ, ಆದರೆ ಎರಡು ಹಗ್ಗಗಳೂ ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರಬೇಕು. ಗಂಟು ಬಿಚ್ಚದೆ, ಹಗ್ಗ ಕತ್ತರಿಸದೆ ಇಬ್ಬರೂ ಬೇರೆಯಾಗಬೇಕು. ಉಪಾಯ ಸರಳ. ನನ್ನ ಹಗ್ಗದ ನಡುಭಾಗವನ್ನು ಎದುರಿನವರ ಮಣಿಕಟ್ಟಿನ ಕುಣಿಕೆಯೊಳಗೆ ತೂರಿಸಿ, ಅವರ ಬೆರಳುಗಳ ಮೇಲಿಂದ ದಾಟಿಸಿದರೆ ಮುಗಿಯಿತು!

ಮನೆಯಲ್ಲಿ ಪೆಟಿಕೋಟಿನ ಲಾಡಿ ಕಟ್ಟಿಕೊಂಡು ನಮ್ಮವರ ಜೊತೆ ರಿಹರ್ಸಲ್ ಮಾಡಿದೆ. ಬೆಣ್ಣೆಯಂತೆ ಜಾರಿತು. ಕಾಫಿ ಕಪ್ಪಿನ ಹಿಡಿಯಲ್ಲೂ ಒಂದೇ ತೂತು, ಉದ್ದಿನವಡೆಯಲ್ಲೂ ಒಂದೇ ತೂತು, ಹರಿಯದೆ ಅಂಟಿಸದೆ ಹಿಗ್ಗಿಸಿ ಬಗ್ಗಿಸಿದರೆ ಒಂದು ಇನ್ನೊಂದಾಗುತ್ತದೆ, ಹಾಗಾಗಿ ಟೋಪಾಲಜಿಯಲ್ಲಿ ಎರಡೂ ಒಂದೇ ಎಂದು ಅವರಿಗೆ ವಿವರಿಸಿದೆ.

"ಹಂಗಾರ ನಾಳೆ ಕಪ್ಪಿಗೆ ಚಟ್ನಿ ಹಚ್ಚಿ ಕೊಡು, ಕಡದು ನೋಡ್ತೀನಿ," ಅಂದರು.

ಅಜ್ಞಾನಿಗಳೊಂದಿಗೆ ವಾದಿಸಬಾರದು. ಪ್ರಯೋಗಕ್ಕೆ ಒಳ್ಳೆಯ ಹಗ್ಗ ತರುವ ಜವಾಬ್ದಾರಿಯನ್ನು ಮಾತ್ರ ವಹಿಸಿಕೊಟ್ಟೆ. ಇತಿಹಾಸ ಇಂಥ ಕ್ಷಣಗಳಲ್ಲೇ ದಿಕ್ಕು ತಪ್ಪುತ್ತದೆ!

ಹಗ್ಗದ ಚೀಲ ಹಿಡಿದ ನಮ್ಮವರೊಂದಿಗೆ ವಿಜಯವಾಡ ತಲುಪಿದಾಗ ಶಾಲೆಯ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ, ವೀಲ್‌ಚೇರಿನಲ್ಲಿ, ಬಿಳಿ ಹಕ್ಕಿಯಷ್ಟೇ ಆಗಿಹೋಗಿದ್ದ ನನ್ನ ಸಿಸ್ಟರ್. ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದ ಕರೆಸ್ಪಾಂಡೆಂಟ್. ಅವರಿಗೆ ಗನ್ನವರಂನಲ್ಲಿ ಫ್ಲೈಟ್ ಹಿಡಿಯಬೇಕಿತ್ತು.

ನಾನು ಇಂಗ್ಲಿಷು, ತೆಲುಗು ಬೆರೆಸಿ ಗರ್ಜಿಸಿದೆ. "ಮಕ್ಕಳೇ, ನಿಮ್ಮ ಜೀವಕೋಶದೊಳಗೆ ಡಿಎನ್‌ಎ ಎಳೆಗಳು ಸಿಕ್ಕು ಹಾಕಿಕೊಳ್ಳುತ್ತವೆ. ಜೀವಕೋಶ ಬೇರೆ ದಾರಿ ಕಾಣದೆ ಎಳೆಯನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಅಂಟಿಸುತ್ತದೆ. ಆ ಗಂಟುಗಳನ್ನು ಅರಿಯಲು ವಿಜ್ಞಾನಿಗಳಿಗೂ ಟೋಪಾಲಜಿಯೇ ಬೇಕು. ಆದರೆ ನಾನು? ಕತ್ತರಿಸದೆಯೇ ಬಿಡಿಸುತ್ತೇನೆ! ಕರೆಸ್ಪಾಂಡೆಂಟ್ ಗಾರು, ಪ್ಲೀಸ್ ಕಮ್!"

ಮಕ್ಕಳ ಚಪ್ಪಾಳೆಗೆ ಪಾಪ, ಅವರು ಎದ್ದು ಬಂದರು.

"ರೀ, ಅನುಮಾನ ಬರಬಾರದು. ಗಟ್ಟಿಯಾಗಿ ಕಟ್ಟಿ," ಅಂದೆ ನಮ್ಮವರಿಗೆ.

ನೇವಿಯವರಿಗೆ ಆ ಮಾತು ಹೇಳಬಾರದು! ಅವರು ಚೀಲದಿಂದ ದಪ್ಪ ನೈಲಾನ್ ಹಗ್ಗ ತೆಗೆದು, ಹಲ್ಲು ಕಚ್ಚಿ, ನಾಲ್ಕು ಮಣಿಕಟ್ಟುಗಳಿಗೂ ಗಂಟು ಬಿಗಿದರು.

ನಾನು ತೂರಿಸಲು ಹೋದೆ. ಹಗ್ಗವಲ್ಲ, ಗಾಳಿಯೂ ತೂರುವಂತಿರಲಿಲ್ಲ.

ಎಳೆದೆ. ಗಂಟು ಇನ್ನೂ ಬಿಗಿಯಿತು. ಅವರೂ ಎಳೆದರು. ನಾನು ಅವರ ಎದೆಗೆ ಹೋಗಿ ಡಿಕ್ಕಿ ಹೊಡೆದೆ!

"ಏಮಿಟಂಡೀ ಇದಿ? ನನ್ನ ಫ್ಲೈಟು!"

"ಒನ್ ಮಿನಿಟ್ ಸರ್. ಥಿಯರಿ ಕರೆಕ್ಟಾಗಿದೆ."

"ಥಿಯರಿ ಇಲ್ಲೇ ಇರಲಿ ಅಮ್ಮಾ, ನನ್ನನ್ನು ಬಿಡಿ!"

"ರೀ, ಬಿಚ್ಚಿ ಬೇಗ!" ಎಂದು ಪಿಸುಗುಟ್ಟಿದೆ.

"ಹೆಂಗ ಬಿಚ್ಚಲಿ? ಇದು ಎಳದಷ್ಟೂ ಬಿಗಿಯೋ ಗಂಟು," ಎಂದು ನಮ್ಮವರು ಹೆಮ್ಮೆಯಿಂದ ಹಾಲಿಗೆಲ್ಲ ಕೇಳುವಂತೆ ಹೇಳಿದರು. "ಚಂಡಮಾರುತ ಬಂದ್ರೂ ಹಡಗು ಅಲುಗಂಗಿಲ್ಲ!"

ಕ್ರಾಫ್ಟ್ ಕ್ಲಾಸಿನ ಕತ್ತರಿ ಬಂತು. ಅದು ನೈಲಾನಿಗೆ ಕಚಗುಳಿ ಇಟ್ಟು ವಾಪಸ್ಸಾಯಿತು. ಮಕ್ಕಳು ಬೆಂಚು ಹತ್ತಿ ನಿಂತಿದ್ದರು. "ಎಡಗೈ ಕಡೆಯಿಂದ ಮೇಡಂ!" "ಅಲ್ಲಲ್ಲ, ಸಾರ್ ಒಂದು ಸುತ್ತು ತಿರುಗಬೇಕು!" ಎಂದು ಹಾಲಿಡೀ ವಾದ. ಪದ್ಮಜ ಗೋಡೆಗೆ ಆತುಕೊಂಡು ಕಣ್ಣು ಮುಚ್ಚಿದ್ದಳು. ಅವಳ ಶನಿವಾರ ಮುಳುಗುತ್ತಿತ್ತು.

ಆಗ ಮುಂದಿನ ಸಾಲಿನಿಂದ ಸಣ್ಣ ದನಿ. "ಚೈಲ್ಡ್, ಬಿಗಿಯಾದ ಬಳೆಯನ್ನು ಹೇಗೆ ತೆಗೆಯುತ್ತೀ?"

"ಸೋಪ್ ಹಚ್ಚಿ, ಸಿಸ್ಟರ್."

"ಮತ್ತೆ? ಅದು ಲಾಕ್ ಆಗಿಲ್ಲ. ಬರೀ ಟೈಟ್ ಆಗಿದೆ."

ಜೀವನದಲ್ಲಿ ಒಂದು ಬಳೆಯನ್ನೂ ತೊಡದವರು ಹೇಳಿದ್ದು! ಕೈತೊಳೆಯುವ ಸೋಪು ಬಂತು. ಬೆರಳುಗಳನ್ನು ಮಡಿಚಿ, ಹಬ್ಬದ ಹಿಂದಿನ ದಿನ ಬಳೆಗಾರರ ಮುಂದೆ ಕೂತಂತೆ ಹಲ್ಲು ಕಚ್ಚಿದೆ. ಕುಣಿಕೆ ನನ್ನ ಒಂದು ಕೈ ದಾಟಿ ಜಾರಿತು. ಗಂಟು ಬಿಚ್ಚಿರಲಿಲ್ಲ, ಹಗ್ಗ ಕತ್ತರಿಸಿರಲಿಲ್ಲ, ನಾವು ಬೇರೆಯಾಗಿದ್ದೆವು! ಥಿಯರಿ ಗೆದ್ದಿತು. ಚಪ್ಪಾಳೆ ಸೂರು ಹಾರಿಸಿತು.

ಕರೆಸ್ಪಾಂಡೆಂಟ್ ಮಾತ್ರ ತಮ್ಮೆರಡು ಕೈಗೂ ಹಗ್ಗ ಕಟ್ಟಿಕೊಂಡೇ ಕಾರಿಗೆ ಓಡಿದರು. ಗಂಟು ಬಿಚ್ಚಲು ನಮ್ಮವರು ಗನ್ನವರಂವರೆಗೂ ಜೊತೆಗೆ ಹೋಗಬೇಕಾಯಿತು. ಓಡುವ ಮುನ್ನ ಕರೆಸ್ಪಾಂಡೆಂಟ್ ಬಾಗಿಲಲ್ಲಿ ತಿರುಗಿ ಕೂಗಿದರು. "ಪದ್ಮಜ ಗಾರು! ಗಣಿತಕ್ಕೆ ಮಕ್ಕಳು ಹೀಗೆ ಬೆಂಚು ಹತ್ತಿದ್ದು ನಾನು ಕಂಡಿಲ್ಲ. ಶನಿವಾರ ನೀವೇ ತೆಗೆದುಕೊಳ್ಳಿ. ಆದರೆ ಈ ಮೇಡಂ ವದ್ದು, ಬೇಡವೇ ಬೇಡ!"

ಆ ಪೀರಿಯಡ್ ಈಗಲೂ ನಡೆಯುತ್ತಿದೆ. ಆಜ್ಞೆಯೂ ಚಾಚೂ ತಪ್ಪದೆ ಪಾಲನೆಯಾಗುತ್ತಿದೆ.

ಗೇಟಿನ ಬಳಿ ನಾನೂ ಪದ್ಮಜಳೂ ಸಿಸ್ಟರನ್ನು ಕಾರಿನಲ್ಲಿ ಕೂರಿಸಿದೆವು. ನನ್ನ ಕೆಂಪಾದ ಮಣಿಕಟ್ಟನ್ನು ಸವರಿ ಕೇಳಿದರು. "ಟೋಪಾಲಜಿಯಲ್ಲಿ ನಿನಗೆ ಏನು ಕೊಟ್ಟಿದ್ದೆ ನಾನು?"

"ಫಸ್ಟ್ ಕ್ಲಾಸ್, ಸಿಸ್ಟರ್."

"ಓ ಡಿಯರ್. ಪೇಪರ್ ಇನ್ನೊಮ್ಮೆ ನೋಡಬೇಕಿತ್ತು."

ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಅವರು ತಮ್ಮೆರಡು ಮಣಿಕಟ್ಟುಗಳನ್ನು ಜೋಡಿಸಿ, ಕಟ್ಟಿಹಾಕಿದವರಂತೆ ಮೇಲೆತ್ತಿ, ಹುಡುಗಿಯ ಹಾಗೆ ನಗುತ್ತಿದ್ದರು. ನಾನೂ ಸೋಪಿನ ಕೈ ಎತ್ತಿದೆ. ಆಮೇಲೆ ಅವರನ್ನು ನೋಡಲಿಲ್ಲ.