ಸ್ಕೂಟರ್ ಮುಂದೊಂದು ನಿಂಬೆಹಣ್ಣು

ಕಾರಿನ ಟೆಸ್ಟ್‌ಗೆ ಹೋದಾಗಲೆಲ್ಲ ಫೇಲಾಗಿ ಬಂದ ನನ್ನಂಥವಳು ಎಲೆಕ್ಟ್ರಿಕ್ ಸ್ಕೂಟರ್ ತಂದಿಟ್ಟುಕೊಂಡರೆ, ಆ ಮನೆಯಲ್ಲಿ ನಗುವುದಕ್ಕೇನೂ ಬರ ಇರುವುದಿಲ್ಲ. ನಮ್ಮದು ನಿಂತುಕೊಂಡು ಓಡಿಸೋ ಸ್ಕೂಟರ್. ಚಕ್ರ ಊಟದ ತಟ್ಟೆಗಿಂತ ಚಿಕ್ಕದು. ನಾವಿರುವ ಪರದೇಶದ ಊರಲ್ಲಿ, ಸನ್ನಿಬ್ಯಾಂಕ್ ಅನ್ನೋ ಬಡಾವಣೆಯ ಕ್ಲಿನಿಕ್‌ನಲ್ಲಿ ನನ್ನ ಕೆಲಸ. ಇನ್ನು ಯಾರ ಕಾರಿಗೂ ಕಾಯೋದಿಲ್ಲ ಅಂತ ಹಟ ಹಿಡಿದು ತಂದೆ. ನಮ್ಮ ಯಜಮಾನರು ಅವತ್ತೇ ಹೇಳಿಬಿಟ್ಟರು: "ನೋಡು, ಈ ಮನೆಯಲ್ಲಿ ಯಾರಾದ್ರೂ ಒಂದೇ ಒಂದು ಸಲ ಇದರಿಂದ ಬಿದ್ರೂ, ಮಾರನೇ ದಿನವೇ ಮಾರಿಬಿಡ್ತೀನಿ."

"ಯಾರೂ ಬೀಳಲ್ಲ," ಅಂದೆ.

ಹೆಲ್ಮೆಟ್

ನನ್ನ ತುರುಬಿನ ಮೇಲೆ ಹೆಲ್ಮೆಟ್ ಕೂರಲೇ ಇಲ್ಲ. ಪಕ್ಕದ ಮನೆಯ ಮೈಸೂರಿನ ಆಂಟಿ, "ಸುಮ್ನೆ ಮೇಲಿಟ್ಕೊಂಡು ಹೋಗಮ್ಮ, ಪೊಲೀಸರಿಗೆ ಕಾಣಿಸಿದ್ರೆ ಸಾಕು," ಅಂದರು.

"ಪೊಲೀಸರಿಗಲ್ಲ ಆಂಟಿ, ಇದು ನನ್ನ ತಲೆಗೆ," ಅಂತ ತುರುಬು ಬಿಚ್ಚಿ ಜಡೆ ಹೆಣೆದು, ಗದ್ದದ ಕೆಳಗೆ ಪಟ್ಟಿ ಬಿಗಿದೆ.

ಯಜಮಾನರು ನೋಡಿ, "ಮದುವೇಲಿ ಬಾಸಿಂಗ ಕಟ್ಟಿದಾಗಲೂ ನಿನ್ನ ಮುಖ ಇಷ್ಟು ಗಂಭೀರವಾಗಿರಲಿಲ್ಲ," ಅಂದರು.

"ಆಗ ಅಪಾಯ ಗೊತ್ತಿರಲಿಲ್ಲ," ಅಂದೆ.

ಚಾರ್ಜಿಂಗ್

ಸ್ಕೂಟರ್ ಜೊತೆ ಬಂದ ಚಾರ್ಜರನ್ನೇ ಬಳಸಬೇಕು, ಯಾರಾದರೂ ಎಚ್ಚರವಾಗಿರುವಾಗಲೇ ಹಾಕಬೇಕು, ತುಂಬಿದ ಕೂಡಲೇ ತೆಗೀಬೇಕು. ಇದು ನನ್ನ ಕಟ್ಟುನಿಟ್ಟು. ಬ್ಯಾಟರಿಗೆ ಬೆಂಕಿ ಹತ್ತುತ್ತೆ ಅಂತ ಎಲ್ಲೋ ಕೇಳಿದ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗರಾಜಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ದೀಪ ಹಸಿರಾಗಿದ್ದೇ ತಡ, ಪ್ಲಗ್ ಕಿತ್ತು ಗೆದ್ದವರ ಹಾಗೆ ಒಳಗೆ ಬಂದರು.

ನಾನು ಸ್ನಾನಕ್ಕೆ ಹೋಗುವ ಮುಂಚೆ "ನೋಡ್ಕೊಳ್ರೀ" ಅಂತ ಹೇಳಿ ಇಟ್ಟಿದ್ದ ಹಾಲು ಸ್ಟೌವಿನಿಂದ ನೆಲಕ್ಕೆ ಇಳಿದು, ಫ್ರಿಜ್ಜಿನವರೆಗೂ ಹೋಗಿತ್ತು.

ಆಯುಧಪೂಜೆ

ಕಾರು ತೊಳೆದು ಮುಗಿಸಿದ ಯಜಮಾನರು ಅದೇ ಪೈಪು ಹಿಡಿದು ಸ್ಕೂಟರ್ ಕಡೆ ತಿರುಗಿದರು. ನಾನು ಅಡ್ಡ ನಿಂತೆ. "ನೀರು ಹಾಯಿಸಿದ್ರೆ ಮೋಟರ್ ಕತೆ ಮುಗೀತು. ಹಿಂಡಿದ ಬಟ್ಟೇಲಿ ಒರೆಸಿದ್ರೆ ಸಾಕು." ನಾನೇ ಒರೆಸಿದೆ, ಬ್ರೇಕ್ ಹಿಡಿದು ನೋಡಿದೆ, ಚಾರ್ಜಿಂಗ್ ತೂತಿಗೆ ಕುಂಕುಮ ಬೀಳದ ಹಾಗೆ ಕಾದೆ. ಅಷ್ಟರಲ್ಲಿ ಅವರು ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು.

"ಬೇಡಾರೀ, ಇಷ್ಟು ಪುಟ್ಟ ಚಕ್ರ ಅದನ್ನ ಹತ್ತಲ್ಲ."

"ಶಾಸ್ತ್ರ ಅಂದ್ರೆ ಶಾಸ್ತ್ರ. ಸರಿ, ನಾನೇ ಹತ್ತಿಸ್ತೀನಿ."

"ಹಾಗಾದ್ರೆ ಹೆಲ್ಮೆಟ್."

"ಒಂದು ನಿಂಬೆಹಣ್ಣಿಗಾ?"

"ಹೆಲ್ಮೆಟ್!" ಅಂತ ನಾನೇ ಅವರ ತಲೆಗೆ ಹಾಕಿ ಪಟ್ಟಿ ಬಿಗಿದೆ. ಪಂಚೆ ಎತ್ತಿ ಕಟ್ಟಿಕೊಂಡು ಹತ್ತಿದರು.

ಸ್ಕೂಟರ್ ನಿಂಬೆಹಣ್ಣಿನ ಹತ್ತಿರ ನಿಂತಿತು. ಅವರು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಹುಲ್ಲಿನ ಮೇಲೆ ಬೋರಲು! ಓಡಿಹೋಗಿ ನೋಡಿದರೆ ಕೈಕಾಲು ಆಡುತ್ತಿವೆ, ಹೆಲ್ಮೆಟ್‌ಗೆ ಮಣ್ಣು ಮೆತ್ತಿದೆ, ತಲೆಗೆ ಏನೂ ಆಗಿಲ್ಲ. ನಿಂಬೆಹಣ್ಣಿಗೂ ಏನೂ ಆಗಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಗಳು ಕೂಗಿದಳು: "ಅಪ್ಪಾ, ಯೂ ಫೆಲ್! ಸೋ ವಿ ಆರ್ ಸೆಲ್ಲಿಂಗ್ ಇಟ್ ಟುಮಾರೋ?"

ಮುಗೀತು, ನಾಳೆಯಿಂದ ಮತ್ತೆ ಇವರ ಕಾರಿಗೆ ಕಾಯೋದೇ ಅಂದುಕೊಂಡೆ.

ಯಜಮಾನರು ತಲೆ ಎತ್ತಲಿಲ್ಲ. ಮಲಗಿದಲ್ಲೇ ನಿಧಾನವಾಗಿ ಎರಡೂ ಕೈ ಮುಂದೆ ಚಾಚಿ ಮುಗಿದರು. "ಬಿದ್ದದ್ದು ಯಾರು? ಪೂಜೆ ಅಲ್ವಾ, ಸಾಷ್ಟಾಂಗ ನಮಸ್ಕಾರ ಹಾಕ್ತಿದ್ದೀನಿ."

"ಸರಿ ಹಾಗಾದ್ರೆ," ಅಂದೆ. "ಸಾಷ್ಟಾಂಗ ಹಾಕಿದ ಮೇಲೆ ಅದು ದೇವರಾಯ್ತು. ಇನ್ನು ಮಾರೋ ಹಾಗಿಲ್ಲ."